ತಕ್ಕಡಿಗೂ ಮೊದಲು

ಅಬ್ಬಾ,

ನೀನು ತೀರಿಕೊಂಡು ಎರಡು ವರ್ಷವಾಯಿತು, ಆದರೂ ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು. ಇವತ್ತು ಬೆಳಿಗ್ಗೆ ರೋಣದ ದವಾಖಾನೆಯಲ್ಲಿ ನಿನ್ನ ಮೊಮ್ಮಗಳು ಹುಟ್ಟಿದಳು. ನನಗೆ ಎಂಟು ತಿಂಗಳೂ ತುಂಬಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದಾಗಲೇ ನೋವು ಶುರುವಾಗಿಬಿಟ್ಟಿತು.

"ಒಂದೂವರೆ ಕಿಲೋಕ್ಕಿಂತ ಕಡಿಮಿ ಇದ್ರ ಗದಗಕ್ಕ ಕಳಸಬೇಕಾಗ್ತದ ನೋಡವ್ವಾ," ಎನ್ನುತ್ತ ನರ್ಸ್ ಸಿದ್ದವ್ವ ಮಗುವನ್ನು ನನ್ನ ಎದೆಯ ಮೇಲಿಟ್ಟು ತಕ್ಕಡಿ ತರಲು ಹೋದರು. ಒಣಮೆಣಸಿನಕಾಯಿಯನ್ನು ತಕ್ಕಡಿಗೆ ಹಾಕುವ ಮೊದಲೇ ನೀನು ಕೈಯಲ್ಲಿ ಹಿಡಿದು ತೂಕ ಹೇಳುತ್ತಿದ್ದೆಯಲ್ಲ, ಹಾಗೆಯೇ ನಾನೂ ಅವಳನ್ನು ಎರಡೂ ಅಂಗೈಗಳಲ್ಲಿ ತುಸುವೇ ಎತ್ತಿ ಕಣ್ಣು ಮುಚ್ಚಿದೆ.

"ಒಂದೂಮುಕ್ಕಾಲು ಕಿಲೋ ಅದಾಳ್ರಿ!"

ತಕ್ಕಡಿಯೂ ಅದನ್ನೇ ತೋರಿಸಿತು. ಸಿದ್ದವ್ವ ಬಿದ್ದು ಬಿದ್ದು ನಕ್ಕರು. "ಯಾರ ಮಗಳವ್ವಾ ನೀನು?"

ನರೇಗಲ್ ಸಂತೆಯಲ್ಲಿ ನಿನ್ನ ಕೂಗು ಕೇಳಿದೊಡನೆ ಗೆಳತಿಯರನ್ನು ಬೇರೆ ಓಣಿಗೆ ಎಳೆದುಕೊಂಡು ಹೋಗುತ್ತಿದ್ದವಳು ನಾನು. ಇವತ್ತು ಇಡೀ ವಾರ್ಡಿಗೆ ಕೇಳುವಂತೆ ಹೇಳಿದೆ: "ಮೆಣಸಿನಕಾಯಿ ಮಾರ್ತಿದ್ದ ಇಸ್ಮಾಯಿಲಸಾಬರ ಮಗಳ್ರಿ!"

ಬೆಚ್ಚಿಬಿದ್ದ ನಿನ್ನ ಮೊಮ್ಮಗಳು ಕಿರುಚಿದಳು. ಗಂಟಲು ನಿನ್ನದೇ, ಅಬ್ಬಾ. ಸಂತೆಯ ಆ ತುದಿಗೂ ಕೇಳಿಸೀತು.

ಇಷ್ರತ