ನಾವು ಉಳಿಸಿದ ನಾಲ್ಕು ಸೀಸೆ ಸ್ಪಿರಿಟ್

ಮದ್ಯಸಾರದ ಆಮದು ಮತ್ತು ಹಂಚಿಕೆ ನೋಡಿಕೊಳ್ಳುವ ಮಾನ್ಯರೇ,

ಬೂದಿಗೆರೆಯ ಮಗ್ಗುಲಿನ ನಮ್ಮ ಹಳ್ಳಿಯ ಧರ್ಮಾರ್ಥ ಔಷಧಾಲಯಕ್ಕೆ ವರ್ಷಕ್ಕೆ ಆರು ಸೀಸೆ ಸ್ಪಿರಿಟ್ ಬರುತ್ತಿತ್ತು. ಈ ವರ್ಷ ತಾವು ಅದನ್ನು ಎರಡಕ್ಕೆ ಇಳಿಸಿದ್ದೀರಿ. ಆ ಎರಡೂ ಈವರೆಗೆ ಬಂದಿಲ್ಲ. ಇದು ಕುಡಿದು ತೂರಾಡುವ ಸರಕಲ್ಲ ಸ್ವಾಮಿ, ಗಾಯ ಒರೆಸುವ, ಕತ್ತರಿ ಅದ್ದುವ, ಹೆರಿಗೆ ಮಾಡಿಸುವಾಕೆ ಕೈಗೆ ಸವರಿಕೊಳ್ಳುವ ಸರಕು. ನಾನು ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕಾಂಪೌಂಡರ್.

ತಾವು ಅಚ್ಚು ಹಾಕಿಸಿ ಹಂಚಿದ ಪುಸ್ತಿಕೆ ನನ್ನ ಮುಂದಿದೆ. ಕೈಗಾರಿಕೆಗೂ ಆಸ್ಪತ್ರೆಗೂ ಬೇಕಾದ ಮದ್ಯಸಾರ ಹತ್ತು ವರ್ಷಗಳಲ್ಲಿ ಹೊರದೇಶದಿಂದ ಎಷ್ಟೆಷ್ಟು ಬಂತೆಂದು ಅದರಲ್ಲಿ ಒಂದು ಗೆರೆ ಎಳೆದು ತೋರಿಸಿದ್ದೀರಿ. ಯುದ್ಧಕ್ಕೆ ಮುಂಚೆ ಗೆರೆ ಮೇಲಿದೆ. ಹಡಗುಗಳು ನಿಂತ ವರ್ಷಗಳಲ್ಲಿ ನೆಲ ಕಚ್ಚಿದೆ. ಯುದ್ಧ ಮುಗಿದು, ಹಡಗುಗಳು ಮತ್ತೆ ಬರತೊಡಗಿದರೂ ಅದು ಮೇಲೆದ್ದಿಲ್ಲ. ಕೆಳಗೆ ತಮ್ಮ ಷರಾ: “ಪ್ರಜೆಗಳು ಮಿತವ್ಯಯ ಕಲಿತಿರುವುದರಿಂದ ಬೇಡಿಕೆಯೇ ತಗ್ಗಿದೆ.” ಭೇಷ್! ಅನ್ನ ಸಿಗದೆ ಮಲಗಿದವನನ್ನು ಕಂಡು ಏಕಾದಶಿ ಮಾಡುತ್ತಿದ್ದಾನೆಂದು ಬರೆದುಕೊಳ್ಳುತ್ತೀರಾ? ನಮ್ಮಲ್ಲಿ ಬೇಡಿಕೆ ಹೇಗೆ ತಗ್ಗಿತೆಂದು ಹೇಳುತ್ತೇನೆ, ದಯವಿಟ್ಟು ಕೇಳಿ.

ನಮ್ಮ ಊರಿನ ಸೂಲಗಿತ್ತಿ ದ್ಯಾವಮ್ಮ. ಓದುಬರಹ ಇಲ್ಲ, ಆದರೆ ಆಕೆಯ ಕೈಯಲ್ಲಿ ಅರ್ಧ ಊರು ಹುಟ್ಟಿದೆ. ಕೂಸಿನ ಹೊಕ್ಕಳಿಗೆ ಒಲೆಯ ಬೂದಿ ಒತ್ತುವುದು ಆಕೆಯ ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಅದನ್ನು ಬಿಡಿಸಿ, ಸ್ಪಿರಿಟ್ಟಿನಲ್ಲಿ ನೆನೆಸಿದ ಹತ್ತಿ ಇಡುವುದನ್ನು ಕಲಿಸಲು ನನಗೆ ಆರು ವರ್ಷ ಹಿಡಿಯಿತು. ಹೋದ ವರ್ಷ ತಮ್ಮ ಕಚೇರಿಯಿಂದ ಸುತ್ತೋಲೆ ಬಂತು, ಒಂದು ತೊಟ್ಟೂ ಪೋಲಾಗಬಾರದೆಂದು. ನಾನು ವಿಧೇಯ ನೌಕರ. ದ್ಯಾವಮ್ಮನನ್ನು ಕರೆದು, “ಹಿಡಿತವಾಗಿ ಬಳಸಮ್ಮ, ಉಳಿಸು, ಇದು ಸಮುದ್ರ ದಾಟಿ ಬರೋ ಸಾಮಾನು” ಎಂದು ಗದರಿಸಿಯೇ ಹೇಳಿದೆ. ಆಕೆ ತಲೆಯಾಡಿಸಿ ಹೋದಳು.

ಮಾರ್ಗಶಿರದಲ್ಲಿ ನಮ್ಮ ಪಕ್ಕದ ಬೀದಿಯ ಅಂಜಿನಮ್ಮನಿಗೆ ಗಂಡು ಮಗುವಾಯಿತು. ಏಳನೆಯ ದಿನ ಮಗು ಮೊಲೆ ಹಿಡಿಯಲಿಲ್ಲ. ನಾನು ಹೋಗಿ ನೋಡಿದಾಗ ದವಡೆ ಕಚ್ಚಿಕೊಂಡು, ಬೆನ್ನು ಸೆಟೆದು ಹೋಗಿತ್ತು. ಧನುರ್ವಾಯು. ಬಟ್ಟೆ ಬಿಚ್ಚಿದರೆ ಹೊಕ್ಕಳ ಸುತ್ತ ಬೂದಿ, ನಂಜು ಏರಿದ್ದು ಅದರಿಂದಲೇ. ಎರಡು ದಿನಕ್ಕೆ ಮಗು ಹೋಯಿತು. ದ್ಯಾವಮ್ಮನ ಮೇಲೆ ಕೂಗಾಡಿದೆ. ಆಕೆ ನನ್ನ ಮುಖವನ್ನೇ ನೋಡುತ್ತಾ, “ನೀವೇ ಉಳ್ಸು ಅಂದ್ರಲ್ಲ ಕಾಂಪೌಂಡ್ರೇ, ಅದಕ್ಕೇ ಉಳ್ಸ್ದೆ. ಬೂದಿ ನಮ್ ಮನೇದೇ ಅಲ್ವಾ” ಎಂದಳು. ಆ ಮಗುವಿನ ಸಾವಿನಲ್ಲಿ ನನ್ನ ಪಾಲಿದೆ. ಅಂಜಿನಮ್ಮನ ಮನೆ ಮುಂದೆ ಹಾಯಲು ಇವತ್ತಿಗೂ ಕಾಲು ಬಾರದೆ ಕೆರೆಯ ಕಡೆಯಿಂದ ಬಳಸಿಕೊಂಡು ಹೋಗುತ್ತೇನೆ.

ಹೀಗೆ ಆರರಲ್ಲಿ ನಾಲ್ಕು ಸೀಸೆ ಉಳಿದಿತ್ತು. ಇನ್ನು ಮೇಲೆ ಕೈಬಿಚ್ಚಿ ಬಳಸೋಣವೆಂದುಕೊಳ್ಳುವಷ್ಟರಲ್ಲಿ ತಮ್ಮ ವರ್ಷಾಂತ್ಯದ ಫಾರಂ ಬಂತು. “ಬಳಸಿದ್ದು ಎರಡು” ಎಂದು ನಿಜವನ್ನೇ ಬರೆದೆ. ತಮ್ಮ ಪೇದೆ ಬಂದು ಉಳಿದ ನಾಲ್ಕನ್ನೂ ಹೊತ್ತುಕೊಂಡು ಹೋದ. ಹಿಂದೆಯೇ ಆಜ್ಞೆ ಬಂತು: ಇವರಿಗೆ ವರ್ಷಕ್ಕೆ ಎರಡೇ ಸಾಕು.

ಅಹವಾಲು ಹೇಳಿಕೊಳ್ಳಲು ದೊಡ್ಡಬಳ್ಳಾಪುರದ ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದಿದ್ದೆ. ತಾವು ಇರಲಿಲ್ಲ. ದಣಿದಿದ್ದವನು ತಮ್ಮ ಮೇಜಿನ ಮೇಲೆ ಕೈ ಊರಿದೆ, ಅಂಗೈ ಅಂಟಿಕೊಂಡಿತು. ಗುಮಾಸ್ತರು ಹೌಹಾರಿ, “ಅಯ್ಯೋ, ಕೈ ಊರ್ಬೇಡಿ ಸ್ವಾಮಿ, ಹೊಸ ಪಾಲಿಶು, ಗುರುತು ಬಿದ್ಬಿಡುತ್ತೆ” ಎಂದರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುವ ಪಾಲಿಶು ಅದು. ಅದರ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಜು, ನಾಲ್ಕು ಕುರ್ಚಿ, ಒಂದು ಬೀರು, ಎಲ್ಲವೂ ಮುಖ ಕಾಣುವಂತೆ ಹೊಳೆಯುತ್ತಿದ್ದವು. ಅದು ನಮ್ಮ ಸೀಸೆಗಳದ್ದೇ ಎಂದು ನಾನು ಹೇಳಲಾರೆ, ನನ್ನಲ್ಲಿ ಸಾಕ್ಷಿ ಇಲ್ಲ. ಆದರೆ ಕೇಳುತ್ತೇನೆ: ಆ ಬೀರುವಿಗೆ ಮಿತವ್ಯಯ ಕಲಿಸಿದವರು ಯಾರೂ ಇಲ್ಲವೇ?

ಈಗ ನನ್ನ ಮಗಳು ವರಲಕ್ಷ್ಮಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ದಿನ ತುಂಬಿವೆ. ಸ್ವಂತ ಮನೆಯ ಮಾತೆಂದು ತಾವು ತಳ್ಳಿಹಾಕಬಹುದು. ಊರಿನಲ್ಲಿ ಇನ್ನೂ ಮೂವರು ಬಸುರಿಯರಿದ್ದಾರೆ, ಅವರ ಹೆಸರಿನಲ್ಲೇ ಕೇಳುತ್ತೇನೆ. ನಮ್ಮ ನಾಲ್ಕು ಸೀಸೆಗಳನ್ನು ಈ ವಾರದೊಳಗೆ ಹಿಂದಕ್ಕೆ ಕಳಿಸಿಕೊಡಿ. ವರ್ಷದ ಪಾಲನ್ನು ಮತ್ತೆ ಆರಕ್ಕೆ ಏರಿಸಿ. ಮುಂದಿನ ಪುಸ್ತಿಕೆಯಲ್ಲಿ ಆ ಷರಾ ಹೊಡೆದುಹಾಕಿ.

ನಿನ್ನೆ ದ್ಯಾವಮ್ಮ ನಮ್ಮ ಮನೆಗೆ ಬಂದು, ಮಗಳ ಹೊಟ್ಟೆ ಮುಟ್ಟಿ ನೋಡಿ, ನನ್ನೆದುರು ಬಂದು ನಿಂತಳು. “ಬೂದಿ ಬ್ಯಾಡ ಅಂದ್ರಿ, ಬಿಟ್ಟೆ. ಸ್ಪಿರಿಟ್ಟು ಇಲ್ಲ ಅಂತೀರಿ. ಕೂಸು ಬಂದ್ಮೇಲೆ ಹೊಕ್ಕಳಿಗೆ ಏನಿಡ್ಲಿ, ಅದನ್ನಾದ್ರೂ ಹೇಳಿ ಕಾಂಪೌಂಡ್ರೇ” ಎಂದಳು. ತಮ್ಮನ್ನು ಕೇಳಿ ಹೇಳುತ್ತೇನೆಂದು ಕಳಿಸಿದ್ದೇನೆ.

ಇಂತಿ,
ಹೇಳಿದಂತೆ ಉಳಿಸಿ, ನಿಜ ಬರೆದು ಕೆಟ್ಟ,
ಆದಿನಾರಾಯಣಪ್ಪ, ಕಾಂಪೌಂಡರ್