ಎಡಮುರಿ ನೂಲು

ಅವ್ವಾ,

ನಿನ್ನ ರಾಟಿಯ ಸಂಗತಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಶಾಲೆಯಲ್ಲಿ ಹೇಳಿದರೆ, ಹುಲಕೋಟಿಯ ಮಕ್ಕಳಿಗೆ ವಿಜ್ಞಾನ ಕಲಿಸುವ ಟೀಚರಿಗೆ ದೆವ್ವ ಬಡಿದಿದೆ ಎಂದು ನಕ್ಕಾರು.

ನೂಲುವ ಕೇಂದ್ರದವರು ನಿನ್ನನ್ನು ಅಂಬರ ಚರಕದ ಮುಂದೆ ಕೂರಿಸಿದ ದಿನ ನೆನಪಿದೆಯೇ? ಸಾಲಾಗಿ ನೂಲು ಸುತ್ತುವ ಕದಿರುಗಳು, ಒಂದೇ ಹಿಡಿಕೆ, ಅದೂ ಬಲಗೈಗೆ. ನೀನು ಎಡಚಿ. ಮಧ್ಯಾಹ್ನದೊಳಗೆ ಎದ್ದು ಬಂದೆ. "ಆ ಕಬ್ಬಿಣ ನನ್ನ ಮಾತು ಕೇಳಂಗಿಲ್ಲ" ಎಂದು, ಮುಂಡರಗಿಯ ಬಡಿಗೇರ ನಿನ್ನ ಅಜ್ಜಿಗೆ ಜಾಲಿ ಕಟ್ಟಿಗೆಯಲ್ಲಿ ಮಾಡಿಕೊಟ್ಟಿದ್ದ ರಾಟಿಯನ್ನೇ ಎಳೆದುಕೊಂಡು ಕುಳಿತೆ. "ಇದಕ್ಕೂ ಮೊದಲ ಬರೇ ಕೈಲೆ ತಿರುವೂ ತಕಲಿ ಇತ್ತು. ಅದಕ್ಕ ಯಾವ ಕೈಯಾದ್ರೂ ನಡೀತಿತ್ತು ನೋಡ."

ನಮ್ಮ ಓಣಿಯ ನೇಕಾರ ನಾಗಪ್ಪ ಕಾಕಾ ನಿನ್ನ ನೂಲನ್ನು ಬೆರಳಲ್ಲಿ ಹೊಸೆದು ನೋಡಿ ನಗುತ್ತಿದ್ದ. ಎಲ್ಲರ ನೂಲಿನ ಹುರಿ ಬಲಕ್ಕೆ, ಎಡಗೈಯಿಂದ ರಾಟಿ ತಿರುಗಿಸುವ ನಿನ್ನದು ಎಡಕ್ಕೆ. "ಎಡಮುರಿ ಜೋಡಿ ಬಲಮುರಿ ಬೆರೆಸಿದ್ರ ಅರಿವ್ಯಾಗ ಪಟ್ಟಿ ಕಾಣ್ತಾವ ಯವ್ವಾ. ಎಲ್ಲಾ ನಿನ್ನ ನೂಲಾ ಆಗಬೇಕು." ನನಗೊಂದು ಹೊದಿಕೆ ನೇಯಿಸಬೇಕೆಂದು ನೀನು ವರ್ಷಗಟ್ಟಲೆ ನೂಲಿನ ಲಡಿ ಕೂಡಿಸಿದೆ. ಕೊನೆಯ ದಿನವೂ ಅದೇ ಮಾತು: "ಎರಡು ಲಡಿ ಕಮ್ಮಿ ಅದಾವ. ನೀನಾದ್ರೂ..." ಮುಂದೆ ಏನು ಹೇಳುವವಳಿದ್ದೆ ಅವ್ವಾ?

ನೀನು ಹೋದ ಮೂರನೆಯ ದಿನ, ರಾಟಿಯ ಗಾಲಿಯಿಂದ ಕದಿರಿಗೆ ಹೋಗುವ ದಾರ ಹರಿದುಬಿದ್ದಿತ್ತು. ನಾನೇ ಹೊಸ ದಾರ ಹಾಕಿದೆ. ಎಡಗೈಯಿಂದ ನೂಲಲು ನೋಡಿದೆ, ಬರೀ ಗಂಟು. ಪಟ್ಟಿ ಕಂಡರೆ ಕಾಣಲಿ ಎಂದು ಬಲಗೈಯಿಂದಲೇ ತಿರುಗಿಸಿ ಒಂದು ಲಡಿ ಮುಗಿಸಿದೆ.

ಕಾಕಾ ಅದನ್ನು ಹೊಸೆದು ನೋಡಿದ. ಮತ್ತೊಮ್ಮೆ ನೋಡಿದ. "ಇದೂ ಎಡಮುರಿ ಐತಿ. ನಿಮ್ಮವ್ವ ಎಲ್ಲೆರ ಇಟ್ಟಿದ್ದು ಸಿಕ್ತೇನ ತಂಗಿ?" ನಾನೇ ನೂತಿದ್ದು ಎಂದೆ. "ಯಾವ ಕೈಲೆ?" ನಾನು ಬಲಗೈ ಎತ್ತಿ ತೋರಿಸಿದೆ.

ಅವನು ಮನೆಗೇ ಬಂದು ರಾಟಿಯ ಮುಂದೆ ಬಗ್ಗಿದ. ಗಾಲಿಯಿಂದ ಕದಿರಿಗೆ ಹೋಗುವ ದಾರದ ಎರಡು ಎಳೆಗಳು ನಡುವೆ ಒಂದನ್ನೊಂದು ಅಡ್ಡ ಹಾಯ್ದಿದ್ದವು. "ಶಾಣ್ಯಾಕಿ ನೋಡ ನಿಮ್ಮವ್ವ! ದಾರ ಹಿಂಗ ಅಡ್ಡ ಹಾಕಿದ್ರ ಕದರ ಉಲ್ಟಾ ತಿರುಗ್ತೈತಿ. ನೀ ಬಲಗೈಲೆ ನೂತ್ರೂ ಎಡಮುರಿ ಬರ್ಲಿ ಅಂತ ಹೋಗೂ ಮುಂದ ಹಾಕಿಟ್ಟಾಳ." ಎಷ್ಟು ಅತ್ತೆನೋ ಆ ಹೊತ್ತು. ಅವನು ಹೊಸ್ತಿಲು ದಾಟಿದ ಮೇಲೆ ಹೊಳೆಯಿತು. ಆ ದಾರ ನೀನು ಹಾಕಿದ್ದಲ್ಲ. ನಾನು ಹಾಕಿದ್ದು, ನೆಟ್ಟಗೆ.

ಮರುದಿನ ದಾರ ಬಿಚ್ಚಿ ಮತ್ತೆ ನೆಟ್ಟಗೆ ಹಾಕಿ, ಬಾಗಿಲಿಗೆ ಕೀಲಿ ಜಡಿದು ಶಾಲೆಗೆ ಹೋದೆ. ಸಂಜೆ ಬಂದಾಗ ಅಡ್ಡವಾಗಿತ್ತು. ಹೆದರಿದೆ ಅವ್ವಾ, ಸುಳ್ಳೇಕೆ ಹೇಳಲಿ. ಆದರೂ ಕುಳಿತು ನೂತೆ. ದಿನಾ ಸಂಜೆ ಬಂದಾಗ ಮೊದಲು ದಾರ ನೋಡುತ್ತಿದ್ದೆ. ಬರಬರುತ್ತಾ ಅದು ಅಡ್ಡವಿದ್ದರೇ ಸಮಾಧಾನ. ಎರಡನೆಯ ಲಡಿ ಬೇಕೆಂದೇ ತಡಮಾಡಿದೆ. ನಿನಗೆ ಗೊತ್ತಾಗಿರಬೇಕು.

ಹೊದಿಕೆ ನಿನ್ನೆ ಮಗ್ಗದಿಂದ ಇಳಿಯಿತು. ಬಿಸಿಲಿಗೆ ಹಿಡಿದು ನೋಡಿದೆ, ಎಲ್ಲಿಯೂ ಪಟ್ಟಿಯಿಲ್ಲ. ನಿನ್ನ ನೂಲು ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತೋ ಕಾಕಾನಿಗೂ ತಿಳಿಯಲಿಲ್ಲ. ಹೊದ್ದುಕೊಂಡೇ ಮನೆಗೆ ಬಂದೆ, ನಿನಗೆ ತೋರಿಸೋಣವೆಂದು.

ರಾಟಿಯ ದಾರ ನೆಟ್ಟಗಿತ್ತು. ನಾನು ಮುಟ್ಟಿರಲಿಲ್ಲ.

ನಿನ್ನ ಮಗಳು