ಹುಬ್ಬಿನ ಉತ್ತರ

ಡಿಸೆಂಬರ್ 22, ಸೋಮವಾರ. ಅಪಿಯಾ.

ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಅಂಗಡಿಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುವ ವಾಲಾಸಿಯ ಮುಖ.

ಆಕ್ಲೆಂಡಿನ ಅಂಗಡಿಯಲ್ಲಿ ಆರು ವರ್ಷ ಕಲಿತದ್ದನ್ನು ಈ ದ್ವೀಪದಲ್ಲಿ ನಾನು ನೋಡಿಕೊಳ್ಳುವ ಬಟ್ಟೆ ಅಂಗಡಿಯಲ್ಲಿ ಜಾರಿಗೆ ತಂದವಳು ನಾನೇ. ಕ್ರಿಸ್ಮಸ್ ಮುಗಿಯುವವರೆಗೆ ಪ್ರತಿ ಗಿರಾಕಿಗೂ ನಗುತ್ತಾ, ಬಾಯಿಬಿಟ್ಟು ಉತ್ತರ ಕೊಡಬೇಕೆಂದು ಬರೆದು ಗೋಡೆಗೆ ಅಂಟಿಸಿದ್ದೇನೆ.

ಇವತ್ತು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಅಜ್ಜಿ ಬಂದು, "ಮೊಮ್ಮಗಳು ಚರ್ಚಿಗೆ ಹಾಕೊಳ್ಳೋಕೆ ಬಿಳಿ ಫ್ರಾಕು ಇದೆಯೇನಮ್ಮಾ?" ಎಂದು ವಾಲಾಸಿಯನ್ನು ಕೇಳಿದಳು. ವಾಲಾಸಿ ಹುಬ್ಬು ಮೇಲೆತ್ತಿದಳು, ಅಷ್ಟೇ. ನಾನು ಎಲ್ಲರೆದುರು ರೇಗಿಬಿಟ್ಟೆ.

"ಬಾಯಲ್ಲಿ ಕೆಸುವಿನ ಗೆಡ್ಡೆ ಇಟ್ಕೊಂಡಿದ್ದೀಯಾ? ಇದೆ ಅನ್ನೋಕೇನು ಕಷ್ಟ?"

ವಾಲಾಸಿ ನನ್ನ ಅಮ್ಮನ ವಯಸ್ಸಿನವಳು. ತಲೆ ತಗ್ಗಿಸಿದಳು. ಅಜ್ಜಿ ಬೀಸಣಿಗೆ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅವಳು ಹೂಂ ಅಂದ್ಳಲ್ಲ ಮಗಳೇ, ನಂಗೆ ಕೇಳಿಸ್ತು. ನೀನು ಯಾವೂರವಳು?"

ಜನ ಗೊಳ್ಳೆಂದು ನಕ್ಕರು. ಅದೇ ಅಂಗಡಿಯ ಹಿಂದಿನ ಓಣಿಯಲ್ಲಿ ಹುಟ್ಟಿದವಳು ನಾನು. ಅಷ್ಟರಲ್ಲಿ ವಾಲಾಸಿ ಅಜ್ಜಿಯನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿ, ಮೂರು ಫ್ರಾಕು ತಂದು ಮಡಿಲಲ್ಲಿ ಹರಡಿದ್ದಳು. ಒಂದು ಮಾತೂ ಆಡಲಿಲ್ಲ. ಅಜ್ಜಿ ಹೋಗುವಾಗ ಅವಳ ಕೆನ್ನೆಗೆ ಮುತ್ತಿಟ್ಟಳು.

ಬಾಗಿಲು ಹಾಕುವಾಗ ಕ್ಷಮೆ ಕೇಳಬಹುದಿತ್ತು. ಬೀಗ ಹುಡುಕುವ ನಾಟಕ ಮಾಡಿದೆ.

ಊಟಕ್ಕೆ ಕೂತಾಗ ಅಮ್ಮ, "ಇವತ್ತೂ ಕೆಲಸ ಜಾಸ್ತಿ ಇತ್ತಾ?" ಎಂದಳು. ನನ್ನ ಹುಬ್ಬು ತಾನಾಗಿಯೇ ಮೇಲೇರಿತು. ಅಮ್ಮನಿಗೆ ಅಷ್ಟು ಸಾಕಾಯಿತು, ಮತ್ತೆ ಕೇಳಲಿಲ್ಲ.

ನಾಳೆ ಆ ಕಾಗದ ಕಿತ್ತು ಹಾಕುತ್ತೇನೆ. ಕಿತ್ತರೆ ಮುಗಿಯಿತೇ? ವಾಲಾಸಿಯ ಮುಂದೆ ನಿಂತು, ಎಲ್ಲರೆದುರು, ನಾನೇ ಬಾಯಿಬಿಟ್ಟು ಕ್ಷಮೆ ಕೇಳಬೇಕು.